ಖಾಲಿ ಜಾಗದ ಒಡೆಯರು

ತುಳಜಾಬಾಯಿ ಬಾಕಳೆಯ ಬಲಗೈ ಮೊಣಕೈಯಿಂದ ಕೆಳಗೆ ಕಾರ್ಖಾನೆಯದು. ಅದು ರೊಟ್ಟಿ ಬಡಿಯುವುದನ್ನು ನೋಡಿದವರಿಗೆ ಈ ಮಾತು ನೆನಪಿಗೂ ಬರುತ್ತಿರಲಿಲ್ಲ. ಹುಬ್ಬಳ್ಳಿಯ ಕಮರಿಪೇಟೆಯ ಅವಳ ಸಾವಜಿ ಖಾನಾವಳಿಯಲ್ಲಿ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದ ನಡುವೆ ಒಲೆಯ ಮುಂದೆ ಕುಳಿತು, ಜೋಳದ ಹಿಟ್ಟಿನ ಉಂಡೆಯನ್ನು ಎರಡೂ ಕೈಯಿಂದ ಬಡಿದು ಅಗಲಮಾಡಿ, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆ ಬಲಗೈಯ ಬೆರಳುಗಳಿಂದಲೇ ಮಗುಚುತ್ತಿದ್ದಳು. ಹಂಚು ಎಷ್ಟು ಕಾದಿದೆ, ಹಿಟ್ಟು ಎಲ್ಲಿ ದಪ್ಪವಾಗಿದೆ, ಎಲ್ಲಿ ಹರಿಯುವಷ್ಟು ತೆಳುವಾಗಿದೆ ಎಂಬುದೆಲ್ಲ ಆ ಬೆರಳುಗಳಿಗೆ ತಿಳಿಯುತ್ತಿತ್ತು.

ಇದು ಅಂಗಸೂತ್ರದ ಕೆಲಸ. ಬೆನ್ನುಹುರಿಯ ಪಕ್ಕದಲ್ಲಿ ಕೂದಲಿಗಿಂತ ತೆಳುವಾದ ಒಂದು ತಂತಿ, ಕತ್ತಿನ ಹಿಂದೆ ಚರ್ಮದಡಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಒಂದು ಕಂಪ್ಯೂಟರು. ಕೃತಕ ಕೈಯಾಗಲಿ, ಕಾಲಾಗಲಿ, ಕಣ್ಣಾಗಲಿ, ಎಲ್ಲವೂ ಈ ಒಂದೇ ತಂತಿಗೆ ಸೇರಿಕೊಂಡು ಮಿದುಳಿನ ಜೊತೆ ಮಾತಾಡುತ್ತವೆ. ಯಂತ್ರದ ಬಿಡಿಭಾಗಗಳೆಲ್ಲ ಹಂಚಿಕೊಂಡು ಬಳಸುವ ಇಂಥ ದಾರಿಗೆ ಎಂಜಿನಿಯರುಗಳು ಬಸ್ ಎನ್ನುತ್ತಾರೆ. ಅದನ್ನು ಮೊದಲ ಸಲ ಮನುಷ್ಯನ ಮೈಯೊಳಗೆ ಎಳೆದವನು ಇದೇ ಊರಿನ ಇಂದುಧರ ಹಂಚಿನಾಳ. ಅವನಿಗೆ ಈಗ ಅರವತ್ತು ದಾಟಿದೆ. ಸೂತ್ರವನ್ನು ಎಂದೋ ಒಂದು ದೊಡ್ಡ ಕಂಪನಿಗೆ ಒಪ್ಪಿಸಿ, ವಿದ್ಯಾನಗರದ ಮನೆಯ ಮಹಡಿಯ ಮೇಲೆ ಚಿಕ್ಕ ಪ್ರಯೋಗಾಲಯ ಇಟ್ಟುಕೊಂಡು ಕಾಲ ಕಳೆಯುತ್ತಿದ್ದ. ಕಂಪನಿ ಪ್ರತಿ ವರ್ಷ ಅವನಿಗೊಂದು ಶಾಲು ಹೊದಿಸಿ ಕಳಿಸುತ್ತಿತ್ತು. ಅವನೂ ಹೊದ್ದುಕೊಂಡು ಬರುತ್ತಿದ್ದ.

ತುಳಜಾಬಾಯಿಯ ಕೈ ಸುಖವಾಗಿತ್ತು. ಕಿವಿ ಮಾತ್ರ ವರ್ಷದಿಂದ ವರ್ಷಕ್ಕೆ ಮಂದವಾಗುತ್ತ ಬಂದು ಕೊನೆಗೆ ಪೂರ್ತಿ ಮುಚ್ಚಿಹೋಯಿತು. ಆಸ್ಪತ್ರೆಯವರು ಅದೇ ಸೂತ್ರಕ್ಕೆ ಒಂದು ಕಿವಿಯನ್ನೂ ಜೋಡಿಸಿದರು. ಮರುದಿನ ಒಲೆಯ ಮುಂದೆ ಕುಳಿತವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಮೂಲೆಯ ಮೇಜಿನವರು ರಸಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಗೊಣಗಿದ್ದೂ ಕೇಳಿಸಿತು. "ಇಷ್ಟು ವರ್ಷ ಹಿಂಗಽ ಬೈಕೋಂತ ಉಣ್ತಿದ್ರೇನಲೇ?" ಎಂದು ಅಲ್ಲಿಂದಲೇ ಗದರಿದಳು. ಎಲ್ಲರೂ ನಕ್ಕರು. ಆ ನಗು ಮುಗಿಯುವ ಮೊದಲೇ ಸೊಸೆ ಚಂದ್ರಭಾಗಾ ಚೀರಿದಳು.

"ಅತ್ತೀ, ಕೈ! ಕೈ ತಗೀರಿ!"

ತುಳಜಾಬಾಯಿಯ ಬಲಗೈ ಹಂಚಿನ ಮೇಲೆ ಊರಿಕೊಂಡಿತ್ತು. ನಾಲ್ಕು ಬೆರಳುಗಳ ಚರ್ಮ ಕರಗಿ ಕಬ್ಬಿಣಕ್ಕೆ ಅಂಟಿ ಹೊಗೆಯಾಡುತ್ತಿತ್ತು. ಅವಳಿಗೆ ಏನೂ ಗೊತ್ತಾಗಿರಲಿಲ್ಲ.

ಹೊಸ ಚರ್ಮ ಹಾಕಿಸಿದ್ದಾಯಿತು. ಕೈ ಹಿಡಿಯುತ್ತಿತ್ತು, ಬಿಡುತ್ತಿತ್ತು, ಬಡಿಯುತ್ತಿತ್ತು. ಕಾವು ಮಾತ್ರ ತಿಳಿಯುತ್ತಿರಲಿಲ್ಲ. ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರೆ ಜೇನಿನಂಥ ದನಿಯೊಂದು, ಕೈ ಸರಿಯಾಗಿದೆ, ಕಿವಿಯೂ ಸರಿಯಾಗಿದೆ, ಒಮ್ಮೆ ಆರಿಸಿ ಹಚ್ಚಿ ನೋಡಿ, ನಿಮ್ಮ ಅನುಭವ ನಮಗೆ ಅಮೂಲ್ಯ ಎಂದಿತು. ಆರಿಸಿ ಹಚ್ಚಿದ್ದಾಯಿತು. ಮತ್ತೆ ಫೋನು ಮಾಡಿದಳು. ಅದೇ ದನಿ, ಅದೇ ಜೇನು. ಬೈದರೆ ಬೇಸರಪಡಲಿಕ್ಕೆ ಆ ಕಡೆ ಮನುಷ್ಯರೇ ಇರಲಿಲ್ಲ. ಹೊಟ್ಟೆಯುರಿಯನ್ನು ಯಾರ ಮೇಲೂ ಕಾರಿಕೊಳ್ಳದ ಹಾಗೆ ಮಾಡಿಟ್ಟ ಏರ್ಪಾಡು ಅದು. ಅದಕ್ಕೂ ಒಂದು ಬಹುಮಾನ ಬಂದಿತ್ತಂತೆ.

ಇಂದುಧರ ವಾರಕ್ಕೊಮ್ಮೆ ಅವಳ ಖಾನಾವಳಿಗೆ ಊಟಕ್ಕೆ ಬರುವವನು. ಆ ವಾರ ಬಂದಾಗ ತುಳಜಾಬಾಯಿ ರಸದ ಬಟ್ಟಲನ್ನು ತಾನೇ ತಂದು ಅವನ ಮುಂದೆ ಕುಕ್ಕಿದಳು.

"ಏನ್ರೀ ಸರ, ಎಂಥಾ ಸೂತ್ರಾ ಮಾಡೀರಿ ನೀವು? ಕಿವಿ ಕೊಟ್ಟು ಕೈ ಕಸಗೊಂಡೈತಿ."

ಅವಳು ಹೇಳಿದ್ದನ್ನೆಲ್ಲ ಕೇಳಿ ಇಂದುಧರ ತಲೆಯಾಡಿಸಿದ. "ಹಂಗ ಆಗಾಕ ಸಾಧ್ಯಽ ಇಲ್ಲ ಅಕ್ಕಾರ. ಒಂದು ಅಂಗಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲದಂಗ ಮಾಡೇವಿ."

ಅವಳು ಕುದಿಯುವ ರಸದ ಬಟ್ಟಲಿನಲ್ಲಿ ಬಲಗೈಯ ಬೆರಳುಗಳನ್ನು ಅದ್ದಿ, ಅವನ ಮುಖವನ್ನೇ ನೋಡುತ್ತ ನಿಂತಳು. ಕಣ್ಣು ಕೂಡ ಮಿಟುಕಿಸಲಿಲ್ಲ.

"ನೋಡ್ರಿ," ಎಂದಳು. "ಸಾಧ್ಯಽ ಇಲ್ಲದ್ದು."

ಇಂದುಧರ ಊಟ ಬಿಟ್ಟು ಎದ್ದ.

ಅಂದಿನಿಂದ ದಿನಾ ಖಾನಾವಳಿಯ ಬಾಗಿಲು ಹಾಕಿದ ಮೇಲೆ ತುಳಜಾಬಾಯಿ ಅವನ ಮಹಡಿಗೆ ಬಂದು, ಕತ್ತಿಗೆ ತಂತಿ ಅಂಟಿಸಿಕೊಂಡು ಕುಳಿತಳು. ಇಂದುಧರ ಸೂತ್ರದೊಳಗೆ ಕಿವಿಯನ್ನು ಕಳಚಿದರೆ ಕಾವು ತಿಳಿಯುತ್ತಿತ್ತು. ಕಿವಿ ಹಚ್ಚಿದರೆ ಹೋಗುತ್ತಿತ್ತು. ಅಷ್ಟು ಮಾತ್ರ ಸ್ಪಷ್ಟವಾಗಿತ್ತು.

ಸೂತ್ರ ಶುರುವಾಗುವ ಬಗೆಯನ್ನು ಇಂದುಧರ ಅವಳಿಗೆ ವಿವರಿಸಿದ. ಕಂಪ್ಯೂಟರಿನ ಕೆಲಸವನ್ನೆಲ್ಲ ನಡೆಸುವ ತಂತ್ರಾಂಶಕ್ಕೆ ಒಂದು ತಿರುಳು ಇರುತ್ತದೆ, ಅದೇ ಕರ್ನಲ್. ಶಾಲೆಯ ಮಾಸ್ತರು ಹಾಜರಿ ಕರೆಯುವ ಹಾಗೆ ಅದು ತಂತಿಯುದ್ದಕ್ಕೂ ಪ್ರತಿಯೊಂದು ಜೋಡಣೆಯನ್ನೂ ಕೂಗುತ್ತದೆ: ಯಾರಿದ್ದೀರಿ, ನಿಮಗೆ ಎಷ್ಟು ಜಾಗ ಬೇಕು? ಜಾಗವೆಂದರೆ ಇಷ್ಟರಿಂದ ಇಷ್ಟರವರೆಗಿನ ವಿಳಾಸಗಳು. ಮಿದುಳಿಗೆ ಕಳಿಸುವ ಪ್ರತಿ ಸುದ್ದಿಗೂ ಒಂದು ವಿಳಾಸ ಬೇಕು. ವಿಳಾಸ ಸಿಗದ ಸುದ್ದಿ ಎಲ್ಲಿಗೂ ಹೋಗುವುದಿಲ್ಲ. ಬೆರಳು ಸುಡುತ್ತಿದೆ ಎಂದು ಕೈ ಎಷ್ಟೇ ಕೂಗಿದರೂ ಕೇಳುವವರಿಲ್ಲ.

"ಅಂದ್ರ ನನ್ನ ಕೈ ಒದರಾಕತ್ತೈತಿ, ನನಗಽ ಕೇಳವಲ್ದು," ಎಂದಳು ತುಳಜಾಬಾಯಿ.

"ಹೌದ್ರಿ."

"ಚಲೋ ಐತಿ ನಿಮ್ಮ ಮಾಸ್ತರಕಿ."

ಇಂದುಧರ ಮೊದಲು ಸಂಶಯಪಟ್ಟಿದ್ದು ತನ್ನನ್ನೇ. ಹಂಚಿಕೆಯ ಆ ಭಾಗವನ್ನು ಬರೆದವನು ಅವನು. ದೊಡ್ಡ ಜಾಗ ಕೇಳುವ ಅಂಗವನ್ನು ಎಲ್ಲೆಂದರಲ್ಲಿ ಕೂರಿಸಲು ಬರುವುದಿಲ್ಲ, ಅದಕ್ಕೆ ತಕ್ಕ ಗಡಿಯಿಂದಲೇ ಶುರು ಮಾಡಬೇಕು. ಹಾಗೆ ಮಾಡುವಾಗ ನಡುನಡುವೆ ಯಾರಿಗೂ ಸಾಲದ ತುಣುಕುಗಳು ಉಳಿಯುತ್ತವೆ. ಕಿವಿ ನಡುವೆ ಬಂದು ಕುಳಿತು ಕೈಯ ಜಾಗ ಚೂರಾಗಿರಬೇಕು ಎಂದುಕೊಂಡು ಅವನು ಕೈಯನ್ನು ಮೊದಲು ಕೂರಿಸಿ ನೋಡಿದ, ಕಿವಿಯನ್ನು ಕೊನೆಗೆ ತಳ್ಳಿ ನೋಡಿದ, ಮೇಲಿಂದ ಹಂಚಿದ, ಕೆಳಗಿಂದ ಹಂಚಿದ. ಪ್ರತಿ ಸಲವೂ ತುಳಜಾಬಾಯಿ ಬಿಸಿ ಚಹಾದ ಲೋಟ ಹಿಡಿದು ನೋಡಿ, ಇಲ್ಲವೆಂದು ತಲೆಯಾಡಿಸಿ, ಆರಿದ ಮೇಲೆ ಕುಡಿಯುತ್ತಿದ್ದಳು. "ಚಹಾ ಕುಡಿದು ಕುಡಿದು ಪಿತ್ತ ಆತು," ಎಂದು ಬೈಯುತ್ತಲೂ ಇದ್ದಳು.

ಕೊನೆಗೊಂದು ದಿನ ಅವನು ಹಂಚುವುದನ್ನು ಬಿಟ್ಟು ಸುಮ್ಮನೆ ಕೂಡಿಸಿ ನೋಡಿದ. ಕೈ ಕೇಳಿದ್ದು, ಕಿವಿ ಕೇಳಿದ್ದು ಎರಡೂ ಸೇರಿ ಇರುವ ಜಾಗದ ಅರ್ಧವೂ ಆಗಲಿಲ್ಲ. ಆದರೂ ಕರ್ನಲ್ ಜಾಗವಿಲ್ಲ ಎನ್ನುತ್ತಿತ್ತು. ಉಳಿದದ್ದನ್ನು ಯಾರು ಹಿಡಿದಿದ್ದಾರೆ ಎಂದು ತಂತಿಯುದ್ದಕ್ಕೂ ತಾನೇ ಹಾಜರಿ ಕರೆದ. ಭುಜದ ಹತ್ತಿರದ ಎರಡು ಜೋಡಣೆಗಳು ಹಾಜರ್ ಎಂದವು. ಯಾರು ನೀವು ಎಂದು ಕೇಳಿದ. ಉತ್ತರ ಬರಲಿಲ್ಲ. ಮತ್ತೆ ಹಾಜರಿ ಕರೆದ. ಮತ್ತೆ ಎರಡೂ ಹಾಜರ್ ಎಂದವು.

"ಅಕ್ಕಾರ, ನಿಮ್ಮ ಮೈಯಾಗ ಇನ್ನೇನರ ಹಾಕ್ಯಾರೇನ್ರಿ?"

"ಪಿತ್ತಕೋಶ ತಗದಾರ. ಹಾಕಿಲ್ಲ ಏನೂ."

ಇಂದುಧರ ಕಂಪನಿಯ ಕರ್ನಲ್ ವಿಭಾಗದಲ್ಲಿದ್ದ ತನ್ನ ಹಳೆಯ ವಿದ್ಯಾರ್ಥಿನಿ ಚಿನ್ಮಯಿಗೆ ಫೋನು ಮಾಡಿ ಸ್ಪೀಕರ್ ಹಚ್ಚಿದ. ದೋಷವೊಂದು ಸಿಕ್ಕಿದೆ, ಇಲ್ಲದ ಅಂಗಗಳು ಹಾಜರಿ ಹೇಳುತ್ತಿವೆ ಎಂದ. ಆ ಕಡೆ ದನಿ ತಗ್ಗಿತು.

"ಸರ್, ಅದು ದೋಷ ಅಲ್ಲ," ಎಂದಳು ಚಿನ್ಮಯಿ. "ಅದನ್ನ ಕಾಯ್ದಿರಿಸಿದ್ದಾರೆ. ಎಲ್ಲರ ಸೂತ್ರದಲ್ಲೂ ಹಾಗೇ ಇದೆ."

"ಯಾರಿಗೆ?"

"ಮುಂದೆ ಬರೋ ಉಪಕರಣಕ್ಕೆ ಸರ್. ಒಂದು, ಜನ ಏನನ್ನ ಎಷ್ಟು ಹೊತ್ತು ನೋಡ್ತಾರೆ ಅಂತ ಅಂಗಡಿಗಳಿಗೆ ತಿಳಿಸೋದು. ಇನ್ನೊಂದು, ನೋಡಿದಾಗ ಆಸೆ ಆಯ್ತೋ ಇಲ್ಲವೋ ಅಂತ ಅಳೆಯೋದು. ಎರಡೂ ಇನ್ನೂ ತಯಾರಾಗಿಲ್ಲ. ಆದರೆ ಜಾಗ ಆಗಲೇ ಮಾತಾಗಿಬಿಟ್ಟಿದೆ."

"ತಯಾರಾಗದ್ದಕ್ಕ ಜಾಗ ಐತಿ, ಕೈಗೆ ಇಲ್ಲ?"

"ಕೈಗೆ ಇದೆಯಲ್ಲ ಸರ್. ಹಿಡಿತ ಅಗತ್ಯ, ಕಾವು ಐಚ್ಛಿಕ ಅಂತ ಬರೆದಿದ್ದಾರೆ. ಜಾಗ ಸಾಲದೆ ಹೋದರೆ ಕರ್ನಲ್ ಐಚ್ಛಿಕವನ್ನ ಕೈಬಿಡುತ್ತೆ. ಯಾರಿಗೂ ತಿಳಿಸಲ್ಲ." ದನಿ ಇನ್ನಷ್ಟು ಇಳಿಯಿತು. "ಇಂಥ ದೂರು ಮೊದಲೂ ಬಂದಿದೆ ಸರ್. ಕುಂದಗೋಳದ ಒಬ್ಬ ಗೌಂಡಿಗೆ ಕೃತಕ ಕಾಲಿತ್ತು, ಕಣ್ಣು ಹಾಕಿಸಿಕೊಂಡರು. ಅಂಗಾಲಿನ ಸ್ಪರ್ಶ ಹೋಯ್ತು. ಗೋಡೆ ಕಟ್ಟೋವಾಗ ಸಾರುವೆ ಮೇಲಿಂದ ಬಿದ್ದುಬಿಟ್ಟರು. ಜಾರಿ ಬಿದ್ದದ್ದು ಅಂತ ಮುಗಿಸಿದರು."

 ಶಾಲು ಹೊದ್ದುಕೊಂಡು ಕುಳಿತ ಸಭೆಗಳೆಲ್ಲ ಇಂದುಧರನಿಗೆ ನೆನಪಾದವು. ಆ ಸಭೆಗಳಲ್ಲೇ ಯಾರೋ ಈ ಜಾಗವನ್ನು ಹಂಚಿಕೊಂಡಿದ್ದರು, ಅವನು ಚಪ್ಪಾಳೆ ತಟ್ಟಿದ್ದ. ಮೇಜಿನ ಮೇಲಿದ್ದ ಚಹಾದ ಲೋಟವನ್ನು ಗೋಡೆಗೆ ಬೀಸಿ ಒಗೆದ. ಅರವತ್ತು ದಾಟಿದ ಮೇಲೆ ಅವನು ಒಡೆದ ಮೊದಲ ವಸ್ತು ಅದು.

ತುಳಜಾಬಾಯಿ ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಎದ್ದು ಅವನ ಹತ್ತಿರ ಬಂದಳು.

"ಸರ, ಕತ್ತು ಯಾರದು?"

"ನಿಮ್ಮದು."

"ಬೆನ್ನು?"

"ನಿಮ್ಮದಽ ರೀ ಅಕ್ಕಾರ."

"ಹಂಗಾರ ಖಾಲಿ ಮಾಡಸ್ರಿ."

ಮಾಡಬೇಕಾದದ್ದು ದೊಡ್ಡದೇನಲ್ಲ. ಕಾಯ್ದಿರಿಸಿದ್ದನ್ನು ಮರೆತು, ನಿಜವಾಗಿ ಇರುವವರನ್ನಷ್ಟೇ ಎಣಿಸಿ ಹೊಸದಾಗಿ ಹಂಚು ಎಂದು ಕರ್ನಲ್‌ಗೆ ಒಂದೇ ಸಾಲಿನಲ್ಲಿ ಹೇಳಿದ. ಸೂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಹೊಸ ಲೋಟದಲ್ಲಿ ಚಹಾ ತಂದುಕೊಟ್ಟ. ಹಿಡಿದ ಕೂಡಲೇ ತುಳಜಾಬಾಯಿ "ಹಾಯ್!" ಎಂದು ಕೈ ಕೊಡವಿದಳು. ಆ ಲೋಟವೂ ಒಡೆಯಿತು. ಸುಟ್ಟದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ಇಂದುಧರ ನೋಡಿರಲಿಲ್ಲ. ಅಳುತ್ತ, ನಗುತ್ತ, ಆ ಕಂಪನಿಯವರ ಏಳು ತಲೆಮಾರನ್ನು ಬೈಯುತ್ತ ಅವಳು ಮೆಟ್ಟಿಲಿಳಿದು ಹೋದಳು.

ಕಂಪನಿಗೆ ಗೊತ್ತಾಗಲು ತಡವಾಗಲಿಲ್ಲ. ಸಹಾಯವಾಣಿಯಲ್ಲಿ ತಿಂಗಳಾದರೂ ಸಿಗದ ಮನುಷ್ಯ ಈಗ ತಾನಾಗಿಯೇ ಖಾನಾವಳಿಗೆ ಬಂದ. ಹೆಸರು ಸಂಕೇತ್ ನಾಡಿಗೇರ, ಬೆಂಗಳೂರಿನ ಕಚೇರಿಯವನು, ಗರಿಗರಿ ಬಟ್ಟೆ. ಬಂದದ್ದು ಸರಿಯಾಗಿ ಮಧ್ಯಾಹ್ನ. ಇಂದುಧರನೂ ಅಲ್ಲಿದ್ದ. ಎಲ್ಲ ಕುರ್ಚಿಗಳೂ ತುಂಬಿದ್ದವು, ಮಧ್ಯದ ಮೇಜಿನಲ್ಲಿ ಎರಡು ಮಾತ್ರ ಖಾಲಿ ಇದ್ದವು. ಅವುಗಳ ಮೇಲೆ ಒಂದೊಂದು ಟವೆಲ್ ಹಾಸಿತ್ತು.

ನಮ್ಮವರ ಈ ಪದ್ಧತಿ ಎಲ್ಲರಿಗೂ ಗೊತ್ತು. ಟವೆಲ್ ಹಾಸಿದರೆ ಜಾಗ ತನ್ನದು. ಹಾಸಿದವನು ಪಾನ್ ತಿನ್ನಲು ಹೋಗಿರಲಿ, ಪರಸ್ಥಳಕ್ಕೇ ಹೋಗಿರಲಿ, ಹಸಿದು ನಿಂತವನು ಆ ಟವೆಲಿಗೆ ಮರ್ಯಾದೆ ಕೊಟ್ಟು ನಿಂತೇ ಇರುತ್ತಾನೆ. ತನ್ನ ಖಾನಾವಳಿಯಲ್ಲಿ ಇದನ್ನು ಕಂಡರೆ ಟವೆಲನ್ನು ಬೀದಿಗೆ ಎಸೆಯುತ್ತಿದ್ದ ತುಳಜಾಬಾಯಿ ಇವತ್ತು ತಾನೇ ಹಾಸಿದ್ದಳು.

ಸಂಕೇತ್ ಟವೆಲ್ ಸರಿಸಿ ಕೂರಲು ಹೋದ.

"ಏಳ್ರಿ ಮ್ಯಾಲೆ," ಎಂದಳು ಒಲೆಯ ಮುಂದಿನಿಂದಲೇ. "ಅದು ಮುಂದಿನ ವರ್ಷ ಬರಾವರಿಗೆ ಇಟ್ಟೀನಿ."

"ಮೇಡಂ, ಖಾಲಿ ಇದೆಯಲ್ಲ."

"ಖಾಲಿ ಐತಿ. ಕೊಡಾಂಗಿಲ್ಲ."

ಉಣ್ಣುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಸಂಕೇತ್‌ಗೆ ಅರ್ಥವಾಯಿತು. ಅವನು ಸಿಟ್ಟಾಗಲಿಲ್ಲ, ಸಿಟ್ಟಾಗದಿರಲೆಂದೇ ಅಂಥವರಿಗೆ ತರಬೇತಿ ಕೊಟ್ಟಿರುತ್ತಾರೆ. ನಿಂತುಕೊಂಡೇ ಮಾತು ಶುರುಮಾಡಿದ.

"ನೋಡಿ ಮೇಡಂ, ನಿಮ್ಮ ತೊಂದರೆ ನಮಗೆ ಅರ್ಥ ಆಗುತ್ತೆ. ನಿಮ್ಮೊಬ್ಬರಿಗೆ ಆ ಜಾಗ ಬಿಟ್ಟುಕೊಡೋಕೆ ಕಂಪನಿ ಒಪ್ಪಿದೆ. ಶಸ್ತ್ರಚಿಕಿತ್ಸೆ ಹೊತ್ತಲ್ಲಿ ಜೋಡಣೆ ತಪ್ಪಾಗಿತ್ತು, ಸೂತ್ರದ್ದೇನೂ ದೋಷ ಇರಲಿಲ್ಲ ಅಂತ ಒಂದು ಸಹಿ ಹಾಕಿಬಿಡಿ. ಇಲ್ಲದೆ ಹೋದರೆ ಸೋಮವಾರ ಎಲ್ಲರಿಗೂ ತಂತ್ರಾಂಶದ ನವೀಕರಣ ಬರುತ್ತೆ, ನಿಮ್ಮ ಕರ್ನಲ್ ಮೊದಲಿನ ಹಾಗೇ ಆಗುತ್ತೆ. ಆಮೇಲೆ ಯಾರಾದರೂ ಮತ್ತೆ ಅದಕ್ಕೆ ಕೈಹಾಕಿದರೆ ಸೂತ್ರ ಪೂರ್ತಿ ನಿಂತುಹೋಗುತ್ತೆ. ಕೈಯೂ ಇಲ್ಲ, ಕಿವಿಯೂ ಇಲ್ಲ. ಅದು ಸುರಕ್ಷತೆಗೆ."

ತುಳಜಾಬಾಯಿ ಇಂದುಧರನ ಕಡೆ ನೋಡಿದಳು. ಅವನು ಕಣ್ಣು ತಪ್ಪಿಸಿದ.

"ಸಹಿ ಮಾಡಿಬಿಡ್ರಿ ಅಕ್ಕಾರ," ಎಂದ. "ನಿಮ್ಮ ಕೈಯರ ಉಳೀತೈತಿ."

ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಸಂಕೇತನ ಮೇಲೆ ಬಾರದಷ್ಟು ಸಿಟ್ಟು ಇವನ ಮೇಲೆ ಬಂದಿತ್ತು.

"ಮತ್ತ ಆ ಗೌಂಡಿ? ಅವಗ ಯಾರು ಜಾಗ ಬಿಟ್ಟುಕೊಡ್ತಾರು? ನಾ ಸಹಿ ಮಾಡಿದ್ರ ಅಂವ ಜಾರಿ ಬಿದ್ದದ್ದು ಖರೇ ಆಗತೈತಿ. ನಾಳೆ ಇನ್ನೊಬ್ಬರು ಒಲಿ ಮುಂದ ಸುಟ್ಟುಕೊಂಡ್ರ, ಹುಬ್ಬಳ್ಳಿ ತುಳಜಾಬಾಯಿನಽ ಬರಕೊಟ್ಟಾಳ, ಸೂತ್ರಾ ಸುದ್ದ ಐತಿ ಅಂತಾರ. ನಾಚಿಕಿ ಬರಂಗಿಲ್ಲೇನ್ರಿ ನಿಮಗ? ನೀವು ಮಾಡಿದ ವಸ್ತು ಅದು!"

ಇಂದುಧರ ತಲೆ ತಗ್ಗಿಸಿದ. ಅವಳು ಸಂಕೇತನಿಗೆ ಬಾಗಿಲು ತೋರಿಸಿದಳು. ಅವನು ಊಟವಿಲ್ಲದೆ ಹೋದ.

ಸೋಮವಾರ ಹೇಳಿದ ಹಾಗೆ ನವೀಕರಣ ಬಂತು. ಎಲ್ಲಿಂದಲೋ ಗಾಳಿಯಲ್ಲಿ ಬಂದು, ತುಳಜಾಬಾಯಿ ಬೇಳೆ ತೊಳೆಯುತ್ತಿದ್ದಾಗ ಅವಳ ಕತ್ತಿನೊಳಗೆ ಇಳಿದುಹೋಯಿತು. ಕೇಳಲಿಲ್ಲ, ಬಾಗಿಲು ಬಡಿಯಲಿಲ್ಲ. ಬಲಗೈಗೆ ನೀರಿನ ತಣ್ಣನೆ ತಿಳಿಯುವುದು ನಿಂತಿತು. ಅಂದಿನಿಂದ ಅವಳು ಹಂಚಿನ ಕಾವನ್ನು ಎಡಗೈಯಿಂದ ನೋಡುತ್ತಾಳೆ. ಎಡಗೈಗೆ ಆ ಅಭ್ಯಾಸವಿಲ್ಲದೆ ಬೊಬ್ಬೆಗಳೆದ್ದಿವೆ. ರೊಟ್ಟಿಗಳೂ ಒಂದು ಕಡೆ ಸೀಯುತ್ತವೆ. ಗಿರಾಕಿಗಳು ಸೀದದ್ದನ್ನೂ ಮಾತಾಡದೆ ತಿಂದು ಹೋಗುತ್ತಿದ್ದಾರೆ.

ಅವಳು ಧಾರವಾಡದ ನ್ಯಾಯಮಂಡಳಿಗೆ ದೂರು ಕೊಟ್ಟಳು. ನಾಚಿಕೆಯಾದ ಇಂದುಧರ ಅವಳ ಪರವಾಗಿ ಸಾಕ್ಷಿ ಹೇಳಿದ. ಕುಂದಗೋಳದ ಗೌಂಡಿಯನ್ನು ಮಗ ಕುರ್ಚಿಯಲ್ಲಿ ತಳ್ಳಿಕೊಂಡು ಬಂದ. ಖಾಲಿ ಜಾಗ ಇದ್ದದ್ದು, ಅದನ್ನು ಹಿಡಿದಿಟ್ಟದ್ದು, ಕಾವಿನ ಸುದ್ದಿಯನ್ನು ಕೈಬಿಟ್ಟದ್ದು ಯಾವುದನ್ನೂ ಕಂಪನಿಯ ವಕೀಲ ಅಲ್ಲಗಳೆಯಲಿಲ್ಲ. ತನ್ನ ಚೀಲದಿಂದ ನಲವತ್ತು ವರ್ಷದ ಹಿಂದಿನ ಹತ್ತಾರು ಮೊಬೈಲ್ ಫೋನುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಎಲ್ಲಿಂದಲೋ ಹುಡುಕಿ, ದುರಸ್ತಿ ಮಾಡಿಸಿ ತಂದಿದ್ದ. ಒಂದೊಂದನ್ನೇ ಹಚ್ಚಿ ನ್ಯಾಯಾಧೀಶರಿಗೆ ತೋರಿಸಿದ.

"ಸ್ವಾಮಿ, ಇವುಗಳನ್ನು ಕೋಟ್ಯಂತರ ಜನ ತಮ್ಮ ದುಡ್ಡಿನಿಂದ ಕೊಂಡರು. ಡಬ್ಬಿ ಒಡೆಯುವ ಮೊದಲೇ ಇವುಗಳೊಳಗೆ ಅವರು ಕೇಳದೇ ಇದ್ದ ಆ್ಯಪ್‌ಗಳು ಎಷ್ಟೋ ಇದ್ದವು. ಅಳಿಸಲು ಬರುತ್ತಿರಲಿಲ್ಲ. ತಮ್ಮ ಮಕ್ಕಳ ಫೋಟೋ ಇಡಲು ಜಾಗ ಸಾಲದೆ ಫೋಟೋಗಳನ್ನೇ ಅಳಿಸಿಕೊಂಡರು, ಇವನ್ನು ಅಳಿಸಿ ಎಂದು ಹೋರಾಡಲಿಲ್ಲ. ಮಾರಿದ ವಸ್ತುವಿನೊಳಗೆ ಮಾರಿದವನು ಸ್ವಲ್ಪ ಜಾಗ ಇಟ್ಟುಕೊಳ್ಳುವುದು ಜನ ತಾವಾಗಿಯೇ ಒಪ್ಪಿಕೊಂಡು ಬಂದ ರೂಢಿ. ನಾವು ಹೊಸದೇನೂ ಮಾಡಿಲ್ಲ."

ರೂಢಿ ಎಂಬ ಮಾತು ನ್ಯಾಯಮಂಡಳಿಗೆ ಹಿಡಿಸಿತು. ದೂರು ವಜಾ ಆಯಿತು.

ಹೊರಗೆ ಬಂದು ತುಳಜಾಬಾಯಿ ಕಟ್ಟೆಯ ಮೇಲೆ ಕುಳಿತಳು. ಬೊಬ್ಬೆ ಒಡೆದ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಇಂದುಧರ ಸ್ವಲ್ಪ ದೂರದಲ್ಲಿ ಕುಳಿತ. ಅವಳು ಕೇಳಿದಳು.

"ಆ ಫೋನು ಬಂದಾಗ ನಾ ಇನ್ನಾ ಸಾಲಿ ಹುಡುಗಿ. ನಿಮಗ ಎಷ್ಟಿತ್ತು ವಯಸ್ಸು?"

"ಇಪ್ಪತ್ತರ ಮ್ಯಾಲಿತ್ರಿ. ಎಂಜಿನಿಯರಿಂಗ್ ಓದತಿದ್ದೆ."

"ನಿಮ್ಮ ಕಡೆ ಇತ್ತೇನು ಅಂಥಾದ್ದು?"

"ಇತ್ತು."

"ಒಳಗಿದ್ದದ್ದನ್ನ ತಗೀಯಾಕ ನೋಡಲಿಲ್ಲ?"

"ಒಮ್ಮೆ ನೋಡಿದ್ದೆ. ಹೋಗಲಿಲ್ಲ."

"ಹೋಗಲಿಲ್ಲ. ಮತ್ತ? ಯಾರನ್ನರ ಕೇಳಿದ್ರೇನು? ಯಾರಿಗರ ಬೈದ್ರೇನು? ಆ ಅಂಗಡಿಗೆ ಹೋಗಿ ಎತ್ತಿ ಒಗದು ಬಂದ್ರೇನು? ಅಷ್ಟು ಮಂದಿ ಇದ್ರಲ್ಲ, ಒಬ್ಬರಿಗೂ ಬಾಯಿ ಇರಲಿಲ್ಲ?"

ಇಂದುಧರ ತನ್ನ ಅಂಗೈ ನೋಡಿಕೊಂಡ.

"ಅದು ಬರೋದಽ ಹಂಗ ಅಂತ ಸುಮ್ಮಾದೆ ಅಕ್ಕಾರ," ಎಂದ.

ಬಹಳ ಸಣ್ಣ ದನಿಯಲ್ಲಿ ಹೇಳಿದ್ದ. ಆದರೂ ತುಳಜಾಬಾಯಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು. ಕಿವಿಗೆ ಬೇಕಾದಷ್ಟು ಜಾಗವನ್ನು ಕಂಪನಿ ಕೊಟ್ಟಿತ್ತು.